ಹೊಟ್ಟೆ ಮೃದು, ನೋವಿಲ್ಲ

ಮಾರ್ಚ್ 3, ಬೆಳಿಗ್ಗೆ ಹನ್ನೊಂದು

ಪ್ರೀತಿಯ ದೊಡ್ಡಮ್ಮನಿಗೆ,

ಇನ್ನು ಫೋನ್ ಮುಟ್ಟುವುದಿಲ್ಲ ಎಂದು ನೀವು ಶಪಥ ಮಾಡಿದ್ದೀರಂತೆ, ಅಮ್ಮ ಹೇಳಿದಳು. ನಿನ್ನೆ ನಾಲ್ಕು ಸಲ ಮಾಡಿದೆ. ನಾಲ್ಕನೆಯ ಸಲ ಯಾರೋ ಎತ್ತಿ, "ಅವ್ರು ಕೆಲಸದಲ್ಲಿದ್ದಾರೆ" ಎಂದು ಇಟ್ಟುಬಿಟ್ಟರು. ಸರಿ, ನಮ್ಮ ಹಳೆಯ ಪದ್ಧತಿಗೇ ಬರೋಣ. ಒಂಬತ್ತನೇ ವಯಸ್ಸಿನಿಂದ ಪ್ರತಿ ಭಾನುವಾರ ನಿಮಗೆ ಕಾಗದ ಬರೆದು, ವಾರ್ಡನ್ ಮೇಡಮ್ ಓದಿ ಅಂಟಿಸಿದ ಮೇಲೆ ಕಳಿಸುತ್ತಿದ್ದವಳು ನಾನು. ಈಗ ವಾರ್ಡನ್ ಇಲ್ಲ, ಸ್ಯಾಂಪಲ್ ವ್ಯಾನ್ ಇದೆ. ನಿಮ್ಮ ಆಸ್ಪತ್ರೆಯ ರಕ್ತದ ಸೀಸೆಗಳನ್ನು ನಮ್ಮ ಲ್ಯಾಬಿಗೆ ತರುವ ಡ್ರೈವರ್ ದಿನಕ್ಕೆ ಎರಡು ಸಲ ಬಂದು ಹೋಗುತ್ತಾರಲ್ಲ, ಅವರನ್ನು ಹಿಡಿದೆ. ಇಲ್ಲಿ ಎಲ್ಲರೂ ಅವರನ್ನು ಗಡಿಯಾರ ಮಾಮ ಅನ್ನುತ್ತಾರೆ. ಹನ್ನೊಂದೂವರೆ ಅಂದರೆ ಹನ್ನೊಂದೂವರೆಗೆ ಹೊರಟೇಬಿಡುತ್ತಾರಂತೆ, ಹಾಗಾಗಿ ಅಕ್ಷರ ಕೋಳಿ ಕೆದರಿದಂತಿದ್ದರೆ ಸಾರಿ.

ಮಕ್ಕಳ ಸರ್ಜರಿ ಕಲಿಯಲು ಸೇರಿ ಇವತ್ತಿಗೆ ಮೂವತ್ತೊಂದು ದಿನ. ಇನ್ನೂ ಯಾರೂ ನನ್ನನ್ನು ಓಡಿಸಿಲ್ಲ. ಹಾಸ್ಟೆಲಿನಲ್ಲಿ ಬೆಳೆದವರಿಗೆ ಇದೊಂದು ಲಾಭ. ಗಂಟೆ ಹೊಡೆದರೆ ಏಳುತ್ತೇವೆ, ಸಾಲಿನಲ್ಲಿ ನಿಲ್ಲುತ್ತೇವೆ, ಮುಂದಿನವರು ಏನು ಬರೆದರೋ ಅದನ್ನೇ ಅಂದವಾಗಿ ಬರೆಯುತ್ತೇವೆ. ನಮ್ಮ ಸೀನಿಯರ್ ಅಕ್ಕ ಎರಡನೇ ವರ್ಷದವಳು, ನಿದ್ದೆಗೆಟ್ಟು ಕಣ್ಣು ಕೆಂಪಾದರೂ ಬೈಯದವಳು. ವಿಭಾಗದ ಮುಖ್ಯಸ್ಥರನ್ನು ದೊಡ್ಡ ಡಾಕ್ಟರ್ ಅನ್ನುತ್ತೇವೆ. ಅವರು ಮಾತಾಡುವುದೇ ಕಮ್ಮಿ, ಅದರಿಂದಲೇ ನನಗೆ ಟೆನ್ಷನ್ ಜಾಸ್ತಿ.

ನನ್ನ ಪಾಲಿಗೆ ಒಂದು ಮಗು ಬಂದಿದೆ. ಒಂಬತ್ತು ವರ್ಷದ ಹುಡುಗಿ, ನಿನ್ನೆ ಬೆಳಿಗ್ಗೆ ಶಾಲೆಗೆ ಹೋಗುವಾಗ ಸೈಕಲ್ ಸಮೇತ ಬಿದ್ದವಳು. ಹ್ಯಾಂಡಲ್ಲಿನ ತುದಿ ಹೊಟ್ಟೆಗೆ ಒತ್ತಿದೆ. ಗಾಯವಿಲ್ಲ, ರಕ್ತವಿಲ್ಲ, ಹೊಕ್ಕುಳ ಮೇಲೆ ಬಾಟಲಿ ಮುಚ್ಚಳ ಒತ್ತಿದಂಥ ದುಂಡು ನೀಲಿ ಗುರುತು ಇದೆಯಂತೆ. ಸ್ಕ್ಯಾನ್ ಪೂರ್ತಿ ಕ್ಲೀನ್. ಒಂದೆರಡು ದಿನ ನೋಡಿ ಮನೆಗೆ ಕಳಿಸುವುದಷ್ಟೇ. ಬಂದ ಹೊಸದರಲ್ಲಿ "ನನ್ನ ಸೈಕಲ್ ಎಲ್ಲಿ, ಬೆಲ್ ಮುರಿದಿದ್ಯಾ" ಎಂದು ಎಲ್ಲರನ್ನೂ ವಿಚಾರಿಸಿಕೊಂಡಳಂತೆ, ಅದಕ್ಕೇ ವಾರ್ಡಿನಲ್ಲಿ ಸೈಕಲ್ ರಾಣಿ ಎಂದು ಹೆಸರು ಬಿದ್ದಿದೆ. ಅಮ್ಮ ಶಾಲಾ ಸಮವಸ್ತ್ರ ಹೊಲಿಯುವವರು, ಮಂಚದ ಪಕ್ಕ ಕೂತು ಸುಮ್ಮನೆ ಹೊದಿಕೆಯ ಅಂಚು ಸವರುತ್ತಿರುತ್ತಾರೆ.

ನಾಲ್ಕು ಗಂಟೆಗೊಮ್ಮೆ ಹೊಟ್ಟೆ ನೋಡಿ ಬರೆಯಬೇಕು. "ಹೊಟ್ಟೆ ಮೃದು, ನೋವಿಲ್ಲ." ಆರು ಗಂಟೆಗೂ ಅದೇ, ಹತ್ತು ಗಂಟೆಗೂ ಅದೇ. ನೋವಿನ ಔಷಧಿಗೆ ಪಾಪ ಸುಮ್ಮನೆ ಮಲಗಿದ್ದಾಳೆ, ಒಂದು ತುಂಟತನವೂ ಇಲ್ಲ. ಎಲ್ಲ ಮಕ್ಕಳೂ ಹೀಗಿದ್ದರೆ ನನ್ನ ಕೋರ್ಸು ಸಲೀಸಾಗಿ ಮುಗಿಯುತ್ತದೆ.

ಮಾಮ ಹಾರ್ನ್ ಹೊಡೆಯುತ್ತಿದ್ದಾರೆ.

ನಿಮ್ಮ ಇಲಿಮರಿ

*

ಮಾರ್ಚ್ 3, ಮಧ್ಯಾಹ್ನ ಮೂರು

ಇಲಿಮರಿ,

ಕ್ಷೇಮ ಸಮಾಚಾರ ಆಮೇಲೆ. ಇದನ್ನು ನಿಂತುಕೊಂಡೇ ಓದು.

ನಿನ್ನ ಕಾಗದದಲ್ಲಿ ಚಾರ್ಟಿನಲ್ಲಿ ಏನಿದೆ ಎಂದು ಬರೆದಿದ್ದೀಯ. ನಿನ್ನ ಕೈಗೆ ಏನು ಸಿಕ್ಕಿತು ಎಂದು ಬರೆದಿಲ್ಲ. ಗುರುತು ಇದೆ ಎಂದೂ ಬರೆದಿಲ್ಲ, "ಇದೆಯಂತೆ" ಎಂದು ಬರೆದಿದ್ದೀಯ. ಆ ಮಗುವಿನ ಹೊಟ್ಟೆ ಮುಟ್ಟಿದರೆ ಹೇಗಿದೆ?

ಹ್ಯಾಂಡಲ್ ಮುಂದಿನಿಂದ ಒತ್ತುತ್ತದೆ, ಹಿಂದೆ ಬೆನ್ನುಮೂಳೆ, ನಡುವೆ ಸಿಕ್ಕಿಕೊಳ್ಳುವುದು ಕರುಳು. ಮಕ್ಕಳ ಹೊಟ್ಟೆಯ ಗೋಡೆ ತೆಳ್ಳಗೆ, ತಡೆಯುವುದಕ್ಕೆ ಅಲ್ಲಿ ಏನೂ ಇಲ್ಲ. ಮೇಲೆ ಒಂದು ದುಂಡು ಗುರುತು ಬಿಟ್ಟರೆ ಏನೂ ಕಾಣುವುದಿಲ್ಲ. ಕರುಳು ಸಣ್ಣಗೆ ಹರಿದಿದ್ದರೆ ಮೊದಲ ದಿನದ ಸ್ಕ್ಯಾನಿನಲ್ಲಿ ತಪ್ಪಿಸಿಕೊಂಡುಬಿಡಬಹುದು. ಒಳಗಿನದು ಹೊರಕ್ಕೆ ಸೋರುತ್ತಾ ಸೋರುತ್ತಾ ಹೊಟ್ಟೆ ಹೇಳುತ್ತದೆ, ಆದರೆ ಯಾರಾದರೂ ಕೇಳಬೇಕು.

ಕೈ ಉಜ್ಜಿ ಬೆಚ್ಚಗೆ ಮಾಡಿಕೋ. ನೋವಿದೆಯಾ ಎಂದು ಕೇಳಬೇಡ, ಮನೆಗೆ ಹೋಗುವ ಆಸೆಗೆ ಇಲ್ಲ ಅಂದುಬಿಡುತ್ತಾರೆ. ಮುಖ ನೋಡು. ನೋವಿರುವ ಜಾಗ ಬಿಟ್ಟು ದೂರದಿಂದ ಶುರು ಮಾಡು. ಕೆಮ್ಮಲು ಹೇಳು. ಮಂಚವನ್ನು ಮೊಣಕಾಲಿನಿಂದ ಸ್ವಲ್ಪ ತಳ್ಳು, ಮುಖ ಕಿವುಚುತ್ತಾಳಾ ನೋಡು. ಆಮೇಲೆ ಮಂಚದ ಕಾಲ ಬಳಿ ನರ್ಸ್‌ಗಳು ಬರೆದ ಹಾಳೆಯಲ್ಲಿ ನಿನ್ನೆಯಿಂದ ನಾಡಿ ಹೇಗೆ ಹೋಗಿದೆ, ಬೆರಳಿಟ್ಟು ಸಾಲಾಗಿ ಓದು. ಡಾಕ್ಟರುಗಳು ಆ ಹಾಳೆ ನೋಡುವುದಿಲ್ಲ, ನನಗೆ ಗೊತ್ತು.

ಸುಮ್ಮನೆ ಮಲಗಿದ್ದಾಳೆ ಅಂದೆಯಲ್ಲ, ನನಗೆ ಅದೇ ಹಿಡಿಸಲಿಲ್ಲ. ನಿನ್ನೆ ಬೆಲ್ಲಿನ ಬಗ್ಗೆ ವಿಚಾರಿಸಿದವಳು ಇವತ್ತು ಯಾಕೆ ವಿಚಾರಿಸುತ್ತಿಲ್ಲ?

ಡ್ರೈವರಿಗೆ ಹೇಳಿದ್ದೇನೆ, ಸೀಸೆಗಳಿಗಿಂತ ಮೊದಲು ಈ ಕಾಗದ ಇಳಿಯಬೇಕು.

ದೊಡ್ಡಮ್ಮ

*

ಮಾರ್ಚ್ 5

ಪ್ರೀತಿಯ ದೊಡ್ಡಮ್ಮನಿಗೆ,

ಕೂತಿದ್ದೀರಾ? ಗೆದ್ದೆವು.

ನಿಮ್ಮ ಕಾಗದ ಐದು ಗಂಟೆಗೆ ಕೈಸೇರಿತು. ಮೆಟ್ಟಿಲ ಮೇಲೆ ಓದುತ್ತಲೇ ವಾರ್ಡಿಗೆ ಓಡಿದೆ. ಕೈ ಬೆಚ್ಚಗೆ ಮಾಡಿಕೊಂಡು ಇಟ್ಟರೆ, ದೊಡ್ಡಮ್ಮಾ, ಹಲಗೆ. ಎರಡು ಗಂಟೆಗೆ ಮೃದುವಾಗಿದ್ದ ಹೊಟ್ಟೆ ಐದಕ್ಕೆ ಹಲಗೆಯಾಗಿತ್ತು. ಕೆಮ್ಮು ಅಂದರೆ ಕೆಮ್ಮಲಿಲ್ಲ, ತುಟಿ ಕಚ್ಚಿಕೊಂಡಳು. ಮಂಚ ಅಲುಗಿದ್ದಕ್ಕೇ ಕಣ್ಣಲ್ಲಿ ನೀರು. ನರ್ಸ್ ಹಾಳೆಯಲ್ಲಿ ನಾಡಿ ತೊಂಬತ್ತೆರಡು, ನೂರನಾಲ್ಕು, ನೂರಹದಿನೆಂಟು, ನೂರಮೂವತ್ತು, ಏಣಿ ಹತ್ತಿದ ಹಾಗೆ ಹತ್ತಿದೆ.

ಸೀನಿಯರ್ ಅಕ್ಕನನ್ನು ಕೂಗಿದೆ, ಅವಳು ದೊಡ್ಡ ಡಾಕ್ಟರನ್ನು ಕರೆಸಿದಳು. ಎಕ್ಸ್‌ರೇ ತೆಗೆಸಿದರೆ ಎದೆಗೂ ಹೊಟ್ಟೆಗೂ ನಡುವಿನ ಪರದೆಯ ಕೆಳಗೆ ಕತ್ತರಿಸಿದ ಉಗುರಿನಷ್ಟು ಕಪ್ಪು ಗಾಳಿ. ಕರುಳಿನ ಒಳಗಿರಬೇಕಾದ ಗಾಳಿ ಹೊರಗೆ ಬಂದಿದೆ ಎಂದರೆ ಇನ್ನು ಅನುಮಾನವೇ ಬೇಡ. ಏಳು ಗಂಟೆಗೆ ಆಪರೇಷನ್ ಥಿಯೇಟರಿನಲ್ಲಿದ್ದೆವು. ಸಣ್ಣ ಕರುಳಿನಲ್ಲಿ ಶರ್ಟಿನ ಗುಂಡಿ ತೂರುವಷ್ಟು ತೂತು. ನಾನು ಗಾಯ ಅಗಲಿಸಿ ಹಿಡಿಯುವ ಕೊಕ್ಕೆ ಹಿಡಿದು ನಿಂತಿದ್ದೆ, ತೋಳು ಮರಗಟ್ಟಿದರೂ ಅಲುಗಲಿಲ್ಲ. ಸುತ್ತಲಿನ ಜಜ್ಜಿದ ಭಾಗ ಕತ್ತರಿಸಿ, ಒಳ್ಳೆಯ ಎರಡು ತುದಿಗಳನ್ನು ಸೇರಿಸಿ ಹೊಲಿದು, ಹೊಟ್ಟೆಯನ್ನೆಲ್ಲ ಬೆಚ್ಚಗಿನ ಸಲೈನಿನಲ್ಲಿ ತೊಳೆದರು.

ಅವಳ ಅಮ್ಮ ಕೇಳಿದ್ದು ಒಂದೇ ಪ್ರಶ್ನೆ, "ಒಂಟಿ ಹೊಲಿಗೆನಾ, ಜೋಡಿನಾ?" ದೊಡ್ಡ ಡಾಕ್ಟರಿಗೆ ನಗು ಬಂತು. ನಾನು ಅವರು ನಕ್ಕಿದ್ದನ್ನು ನೋಡಿದ್ದೇ ಮೊದಲು.

ಆಮೇಲೆ ಬೆಳಗಿನ ರೌಂಡ್ಸಿನಲ್ಲಿ ಎಲ್ಲರ ಮುಂದೆ, "ಮೊದಲ ವರ್ಷದವರ ಕೈ ಇಷ್ಟು ಹೇಳಿದ್ದು ನಾನು ಕಂಡಿಲ್ಲ" ಎಂದರು. ನನ್ನ ಬಗ್ಗೆ. ನಿಮ್ಮ ಕಾಗದದ ವಿಷಯ ಹೇಳಲು ಬಾಯಿ ತೆರೆದೆ, ಅಷ್ಟರಲ್ಲಿ ಮುಂದಿನ ಮಂಚಕ್ಕೆ ಹೋಗಿಬಿಟ್ಟಿದ್ದರು.

ನೀವು ಏನು ಮಾಡುತ್ತಿದ್ದೀರಿ? ಹೋದ ತಿಂಗಳು ಅಮ್ಮನಿಗೆ ಬರೆದ ಕಾಗದದಲ್ಲಿ ಹೊದಿಕೆ ಮಡಚಿ ಬೆನ್ನು ನೋವು ಎಂದಿದ್ದಿರಿ. ಮೂವತ್ತನಾಲ್ಕು ವರ್ಷ ಮಕ್ಕಳ ವಾರ್ಡು ಆಳಿದ ಹೆಡ್ ಸಿಸ್ಟರ್ ಹೊದಿಕೆ ಮಡಚುವುದೇ? ಆಯಾಗಳಿಗೆ ಹೇಳಿ.

ನಿಮ್ಮ ಇಲಿಮರಿ

*

ಮಾರ್ಚ್ 5, ಸಂಜೆಯ ವ್ಯಾನಿಗೆ

ನನ್ನ ಹುಲಿಮರಿ,

ಇವತ್ತಿನ ಮಟ್ಟಿಗೆ ಇಲಿ ಅನ್ನುವುದಿಲ್ಲ. ನಿನ್ನ ಕಾಗದವನ್ನು ಮೂರು ಸಲ ಓದಿದೆ. ಎದುರಿಗೆ ಸಿಕ್ಕವರಿಗೆಲ್ಲ ತೋರಿಸಿದೆ. ಅಡುಗೆಯವನು ಅರ್ಜೆಂಟಾಗಿ ಪಾತ್ರೆ ಇಳಿಸಬೇಕು ಅಂದರೂ ಬಿಡಲಿಲ್ಲ, ಕೊನೆಯ ಸಾಲಿನವರೆಗೂ ನಿಲ್ಲಿಸಿಕೊಂಡೆ. ನಿನ್ನ ಅಮ್ಮನಿಗೆ ಬೇರೆ ಬರೆಯುತ್ತೇನೆ. ಅವಳು ನಿನ್ನನ್ನು ಹಾಸ್ಟೆಲಿಗೆ ಹಾಕಿದಾಗ ನಾನು ಆರು ತಿಂಗಳು ಅವಳ ಜೊತೆ ಮಾತು ಬಿಟ್ಟಿದ್ದೆ, ಅದನ್ನು ವಾಪಸ್ ತಗೊಂಡಿದ್ದೇನೆ ಎಂದು.

ಒಂದು ವಿಷಯ ನನಗೆ ಹೊಸದು. ಎರಡು ಗಂಟೆಗೆ ಮೃದು ಇದ್ದ ಹೊಟ್ಟೆ ಐದಕ್ಕೆ ಹಲಗೆ ಅಂದೆ. ಮೂರೇ ಗಂಟೆಯಲ್ಲಿ ಅಷ್ಟು ಬದಲಾದದ್ದನ್ನು ನಾನು ನೋಡಿಲ್ಲ. ಸಾಮಾನ್ಯವಾಗಿ ಮೆಲ್ಲಮೆಲ್ಲಗೆ ಬಿಗಿಯುತ್ತದೆ, ಬೆಳಿಗ್ಗೆಯೇ ಸೂಚನೆ ಕೊಡುತ್ತದೆ. ಆದರೆ ನೀನೇ ಕೈಯಿಟ್ಟು ನೋಡಿದ ಮೇಲೆ ಸರಿಯೇ. ಹೊಸ ನರ್ಸ್ ಹುಡುಗಿಯರು ನನ್ನ ಹತ್ತಿರ ಬಂದಾಗ ಹೇಳುತ್ತಿದ್ದೇನೆ, ನನ್ನ ಅನುಭವ ತಪ್ಪು, ಮಧ್ಯಾಹ್ನ ಮೃದು ಇದ್ದ ಹೊಟ್ಟೆಯೂ ಸಂಜೆಗೆ ಹೀಗಾಗಬಹುದು, ನನ್ನ ತಂಗಿಯ ಮಗಳು ಕಂಡಿದ್ದಾಳೆ ಎಂದು. ನೋಟ್‌ಬುಕ್ಕಿನಲ್ಲಿ ನಿನ್ನ ಹೆಸರಿನಲ್ಲೇ ಬರೆದಿಟ್ಟೆ.

ಮಗು ಗಾಳಿ ಬಿಟ್ಟ ದಿನ ತಿಳಿಸು. ಕರುಳು ಎದ್ದಿತು ಅನ್ನುವುದಕ್ಕೆ ಅದೇ ಸಾಕ್ಷಿ, ಅಲ್ಲಿಯವರೆಗೆ ಗೆದ್ದೆವು ಎನ್ನುವ ಹಾಗಿಲ್ಲ.

ದೊಡ್ಡಮ್ಮ

*

ಮಾರ್ಚ್ 10

ದೊಡ್ಡಮ್ಮಾ,

ಐದು ದಿನ ಬರೆಯಲಿಲ್ಲ. ಮಾಮ ದಿನಾ ಎರಡು ಸಲ ಕಿಟಕಿಯ ಕೆಳಗೆ ಬಂದು, "ಕಾಗದ ಇದ್ಯಾ ಡಾಕ್ಟರಮ್ಮ" ಎಂದು ಕೇಳಿ ಹೋದರು.

ನಿಮ್ಮ ನೋಟ್‌ಬುಕ್ಕಿನಿಂದ ಆ ಸಾಲನ್ನು ಹೊಡೆದುಹಾಕಿ. ದಯವಿಟ್ಟು ಮೊದಲು ಅದನ್ನು ಮಾಡಿ, ಆಮೇಲೆ ಮುಂದೆ ಓದಿ.

ಎರಡು ಗಂಟೆಗೆ ಹೊಟ್ಟೆ ಹೇಗಿತ್ತೋ ನನಗೆ ಗೊತ್ತಿಲ್ಲ. ನಾನು ಮುಟ್ಟಿರಲಿಲ್ಲ. ಆರು ಗಂಟೆಗೂ ಮುಟ್ಟಿರಲಿಲ್ಲ, ಹತ್ತಕ್ಕೂ ಇಲ್ಲ. ಹಿಂದಿನ ದಿನ ಬಂದ ಹೊಸದರಲ್ಲಿ ತುರ್ತು ವಿಭಾಗದವರು ಮುಟ್ಟಿ ನೋಡಿ "ಹೊಟ್ಟೆ ಮೃದು, ನೋವಿಲ್ಲ" ಎಂದು ಬರೆದಿದ್ದರು. ಅದರ ಕೆಳಗೆ ಅದೇ ಸಾಲು, ಅದರ ಕೆಳಗೆ ಅದೇ. ನಾನೂ ಅದನ್ನೇ ಇಳಿಸಿದೆ, ನನ್ನ ಒಳ್ಳೆಯ ಹಾಸ್ಟೆಲ್ ಅಕ್ಷರದಲ್ಲಿ, ಮೂರು ಸಲ. ಮಗು ಮಲಗಿತ್ತು, ಎಬ್ಬಿಸಿದರೆ ಅಳುತ್ತದೆ, ಅತ್ತರೆ ಅವಳ ಅಮ್ಮ ನನ್ನನ್ನು ನೋಡುತ್ತಾರೆ, ನನ್ನ ಕೈ ಬೇರೆ ಐಸ್ ಥರ ಇರುತ್ತದೆ. ಆಕ್ಚುಲಿ ಇವೆಲ್ಲ ನೆಪ. ಭಯ ದೊಡ್ಡಮ್ಮಾ. ಮುಟ್ಟಿದರೆ ಏನಾದರೂ ಸಿಕ್ಕಿಬಿಟ್ಟರೆ ಎಂಬ ಭಯ.

ಹೇಗಿದೆ ಎಂದು ನೀವು ಕೇಳಿದಿರಲ್ಲ, ಮೆಟ್ಟಿಲ ಮೇಲೆ ಉತ್ತರ ಹುಡುಕಿದೆ, ನನ್ನ ಹತ್ತಿರ ಇರಲಿಲ್ಲ. ಅದಕ್ಕೇ ಓಡಿದ್ದು. ಆಮೇಲೆ ನಿಮಗೆ ಸುಳ್ಳು ಬರೆದೆ, ನೀವು ಅದನ್ನು ಪಾಠ ಮಾಡಿಬಿಟ್ಟಿರಿ.

ಈಗ ಮಗು ಚೆನ್ನಾಗಿಲ್ಲ. ಏಳು ದಿನವಾದರೂ ಗಾಳಿ ಬಿಟ್ಟಿಲ್ಲ. ಮೊನ್ನೆಯಿಂದ ಜ್ವರ, ಹೊಟ್ಟೆ ಉಬ್ಬಿದೆ. ಮೂಗಿನ ನಳಿಗೆಯಲ್ಲಿ ಹಸಿರು ನೀರು ಬರುತ್ತಲೇ ಇದೆ. ಹೊಲಿಗೆ ಬಿಟ್ಟಿರಬಹುದಾ ಎಂದು ನಾಳೆ ಸ್ಕ್ಯಾನ್ ಮಾಡುತ್ತಾರೆ. ಬಿಟ್ಟಿದ್ದರೆ ಮತ್ತೆ ಹೊಟ್ಟೆ ತೆರೆಯಬೇಕು. ಬೆಳಿಗ್ಗೆ ಆರಕ್ಕೇ ನಾನು ಕೈ ಇಟ್ಟಿದ್ದರೆ ಹನ್ನೊಂದು ಗಂಟೆ ಹೊತ್ತು ಸೋರುವುದು ತಪ್ಪುತ್ತಿತ್ತು. ಎಲ್ಲರೂ ಇನ್ನೂ ನನ್ನ ಕೈ ಹೊಗಳುತ್ತಿದ್ದಾರೆ. ಸೀನಿಯರ್ ಅಕ್ಕ ನಿನ್ನೆ ತಮಾಷೆಗೆ ಕೈಗೆ ಮುತ್ತು ಕೊಟ್ಟಳು, ಬಾತ್‌ರೂಮಿಗೆ ಹೋಗಿ ಅತ್ತೆ.

ಕೋರ್ಸು ಬಿಡುತ್ತೇನೆ ಎಂದು ಒಂದು ಪತ್ರ ಬರೆದು ಏಪ್ರನ್ ಜೇಬಿನಲ್ಲಿ ಇಟ್ಟುಕೊಂಡಿದ್ದೇನೆ. ಮಗು ಹುಷಾರಾದ ಮೇಲೆ ಎಲ್ಲ ಹೇಳಿ, ಕೊಟ್ಟು ಹೋಗುತ್ತೇನೆ.

ಇನ್ನೂ ಹಾಗೆ ಕರೆಯುವಿರಾದರೆ,
ಇಲಿಮರಿ

*

ಮಾರ್ಚ್ 10, ಮಧ್ಯಾಹ್ನ

ಇಲಿಮರಿ,

ಹೊಡೆದುಹಾಕಿದೆ. ಆ ಹುಡುಗಿಯರನ್ನು ಒಬ್ಬೊಬ್ಬರಾಗಿ ಹುಡುಕಿ ಹೇಳಿಯೂ ಬಂದೆ.

ಮಗು ಹುಷಾರಾದ ಮೇಲೆ ಹೇಳುತ್ತೇನೆ ಅಂದೆ. ಆಗ ಹೇಳಿದರೆ ಎಲ್ಲರೂ ಹೋಗಲಿ ಬಿಡು ಅನ್ನುತ್ತಾರೆ, ನಿನಗೆ ಬೇಕಾಗಿರುವುದೂ ಅದೇ. ಇವತ್ತೇ ಹೇಳು. ಆ ಹನ್ನೊಂದು ಗಂಟೆಯ ಲೆಕ್ಕ ನಿಮ್ಮ ದೊಡ್ಡ ಡಾಕ್ಟರಿಗೆ ನಾಳೆಯ ಸ್ಕ್ಯಾನ್ ಓದುವಾಗ ಬೇಕು. ಸೋರಿದ್ದು ಎಷ್ಟು ಹೊತ್ತು ಎಂದು ಅವರು ನಿನ್ನ ಸುಳ್ಳಿನಿಂದ ಅಂದಾಜು ಮಾಡುತ್ತಿದ್ದಾರೆ. ಆಮೇಲೆ ಆ ತಾಯಿಗೆ ಹೇಳು. ಕಾಲಿಗೆ ಬೀಳಬೇಡ, ಅಳಬೇಡ, ಅವಳು ನಿನ್ನನ್ನು ಸಮಾಧಾನ ಮಾಡುವ ಹಾಗೆ ಮಾಡಬೇಡ. ಆದದ್ದನ್ನು ಹೇಳು.

ಈಗ ನನ್ನದು. ಫೋನ್ ಎತ್ತದ್ದು ಶಪಥ ಅಲ್ಲ. ನನಗೆ ಕೇಳಿಸುವುದಿಲ್ಲ. ಎರಡು ವರ್ಷದ ಹಿಂದೆ ಎಡಗಿವಿ ಹೋಯಿತು, ಆಮೇಲೆ ಬಲಗಡೆಯದೂ ಮೆಲ್ಲಗೆ. ಯಾರಿಗೂ ಹೇಳಲಿಲ್ಲ, ತುಟಿ ನೋಡಿ ಸಂಭಾಳಿಸಿದೆ. ರಕ್ತದೊತ್ತಡ ನೋಡುವಾಗ ಸ್ಟೆತಾಸ್ಕೋಪಿನಲ್ಲಿ ಬಡಿತ ಕೇಳಬೇಕಲ್ಲ, ಕೇಳುತ್ತಿರಲಿಲ್ಲ. ಹಿಂದಿನ ಪಾಳಿಯವರು ಬರೆದದ್ದರ ಹತ್ತಿರ ಹತ್ತಿರ ಒಂದು ಅಂಕಿ ಬರೆಯುತ್ತಿದ್ದೆ. ನಾಲ್ಕು ತಿಂಗಳು, ನಾನು, ಹೆಡ್ ಸಿಸ್ಟರ್. ಒಂದು ದಿನ ಒಂದು ಮಗುವಿನ ತಾಯಿ ನನ್ನ ತೋಳು ಮುಟ್ಟಿ, ತನ್ನ ಕಿವಿ ತೋರಿಸಿ, "ಸಿಸ್ಟರ್, ಅದು ಕಿವಿಯಲ್ಲಿ ಇಲ್ವಲ್ಲ" ಎಂದಳು. ಸ್ಟೆತಾಸ್ಕೋಪ್ ಕತ್ತಿನಲ್ಲೇ ನೇತಾಡುತ್ತಿತ್ತು. ನಾನು ಅಂಕಿ ಬರೆದಾಗಿತ್ತು.

ಆ ಮಗುವಿಗೆ ಏನೂ ಆಗಲಿಲ್ಲ. ಅದು ನನ್ನ ಪುಣ್ಯ, ಜಾಣತನ ಅಲ್ಲ. ಮಾರನೆಯ ದಿನ ನಾನೇ ಕೇಳಿಕೊಂಡು ಹೊದಿಕೆ ಕೋಣೆಗೆ ಬಂದೆ. ಒಂದೂವರೆ ವರ್ಷದಿಂದ ಇಲ್ಲೇ ಇದ್ದೇನೆ, ಮಡಚುತ್ತೇನೆ, ಎಣಿಸುತ್ತೇನೆ. ನಿಮಗ್ಯಾರಿಗೂ ಹೇಳಲಿಲ್ಲ, ನಾಚಿಕೆ. ನಿನ್ನ ಮೊದಲ ಕಾಗದದಲ್ಲಿ "ಆರು ಗಂಟೆಗೂ ಅದೇ, ಹತ್ತು ಗಂಟೆಗೂ ಅದೇ" ಎಂದು ಓದಿದ ಕೂಡಲೇ ಮಡಚುತ್ತಿದ್ದ ಹೊದಿಕೆ ಬಿಟ್ಟು ಪೆನ್ನು ಹಿಡಿದೆ. ಆ ಕೆಲಸ ನಾನೂ ಮಾಡಿದವಳು, ದೂರದಿಂದಲೇ ಗುರುತು ಹತ್ತಿತು. ಆದರೂ ನಿನ್ನ ಎರಡನೇ ಕಾಗದ ನಂಬಿದೆ ನೋಡು. ನಂಬಬೇಕು ಅನ್ನಿಸಿತು.

ಕೋರ್ಸು ಬಿಡುವ ಮಾತು ಆಮೇಲೆ. ನಾನು ಓಡಿದ್ದು ತಪ್ಪೋ ಸರಿಯೋ ಇನ್ನೂ ಗೊತ್ತಾಗಿಲ್ಲ, ನೀನು ಅದನ್ನೇ ನೋಡಿ ಓಡಬೇಡ.

ಕರುಳು ಏಳುತ್ತದೆ. ಮಕ್ಕಳ ಕರುಳು ಹಟಮಾರಿ. ಎದ್ದ ದಿನ ಆ ಸದ್ದು ಹೇಗಿತ್ತು ಎಂದು ಬರೆ. ಮೂವತ್ತನಾಲ್ಕು ವರ್ಷ ಆ ಸದ್ದಿಗೆ ಕಾದು ಕೂತವಳು ನಾನು, ಕೇಳಿ ತುಂಬಾ ದಿನವಾಯಿತು.

ದೊಡ್ಡಮ್ಮ

*

ಮಾರ್ಚ್ 14

ಇಲಿಮರಿ,

ಎಂಟು ವ್ಯಾನ್ ಖಾಲಿ ಬಂದವು. ಡ್ರೈವರ್ ಕೈ ಅಲ್ಲಾಡಿಸಿ ಹೋಗುತ್ತಾನೆ. ಏನೋ ಹೇಳುತ್ತಾನೆ, ಅವನ ಮೀಸೆಯಲ್ಲಿ ತುಟಿ ಕಾಣುವುದಿಲ್ಲ.

ನನ್ನ ಮೇಲೆ ಸಿಟ್ಟಿದ್ದರೆ ಸಿಟ್ಟು ಅಂತ ಬರೆ. ಮಗು ಹೋಗಿದ್ದರೆ ಅದನ್ನೂ ಬರೆ. ನಾನು ಬರುತ್ತೇನೆ. ಒಬ್ಬಳೇ ಇರಬೇಡ.

ದೊಡ್ಡಮ್ಮ

*

ಮಾರ್ಚ್ 18, ಬೆಳಿಗ್ಗೆ

ಪ್ರೀತಿಯ ದೊಡ್ಡಮ್ಮನಿಗೆ,

ಸೈಕಲ್ ರಾಣಿ ಈಗಷ್ಟೇ ತನ್ನ ಕಾಲಿನ ಮೇಲೆ ನಡೆದು ಗೇಟು ದಾಟಿದಳು. ನಾನು ನೋಡಿ ಬಂದು ಕೂತು ಬರೆಯುತ್ತಿದ್ದೇನೆ. ಒಂದು ಸಲ ಅವಸರಕ್ಕೆ ಗೆದ್ದೆವು ಎಂದು ಬರೆದು ಕೆಟ್ಟವಳು, ಈ ಸಲ ಅವಳು ಮನೆಗೆ ಹೊರಡುವವರೆಗೆ ಪೆನ್ನು ಮುಟ್ಟುವುದಿಲ್ಲ ಎಂದುಕೊಂಡೆ. ಮಗು ಚೆನ್ನಾಗಿದೆ ಎಂದು ಮಾಮನ ಹತ್ತಿರ ಬಾಯಲ್ಲಿ ಹೇಳಿ ಕಳಿಸಿದ್ದೆ. ಮೀಸೆಯ ಲೆಕ್ಕ ಹಾಕಿರಲಿಲ್ಲ, ನಿಮ್ಮ ಕಾಗದ ಬಂದ ಮೇಲೆ ಅದನ್ನೇ ಮಾಮನ ಕೈಯಲ್ಲಿ ಚೀಟಿ ಬರೆಸಿ ಕಳಿಸಿದೆ. ನಿಮ್ಮನ್ನು ನಾಲ್ಕು ದಿನ ಹೆದರಿಸಿದ್ದಕ್ಕೆ ನನಗೆ ನೀವು ಏನು ಬೇಕಾದರೂ ಅನ್ನಿ.

ಆವತ್ತು ನಿಮ್ಮ ಕಾಗದ ಓದಿ ಸೀದಾ ದೊಡ್ಡ ಡಾಕ್ಟರ ಕೋಣೆಗೆ ಹೋದೆ. ಆದದ್ದನ್ನು ಹೇಳಿದೆ. ಕೋರ್ಸು ಬಿಡುವ ಪತ್ರವನ್ನೂ ಮೇಜಿನ ಮೇಲೆ ಇಟ್ಟೆ. ಅವರು ಎದ್ದು, ಮಗುವಿನ ಚಾರ್ಟ್ ತರಿಸಿ, ಆ ಎರಡು ದಿನ ವಾರ್ಡಿನ ಡ್ಯೂಟಿಯಲ್ಲಿದ್ದವರನ್ನೆಲ್ಲ ಕರೆಸಿದರು. "ಈ ಸಾಲು ಬರೆಯೋ ಮುಂಚೆ ಯಾರ್ಯಾರು ಕೈ ಇಟ್ಟಿದ್ರಿ, ಕೈ ಎತ್ತಿ" ಎಂದರು.

ಯಾರೂ ಎತ್ತಲಿಲ್ಲ, ದೊಡ್ಡಮ್ಮಾ. ಸೀನಿಯರ್ ಅಕ್ಕನೂ ಎತ್ತಲಿಲ್ಲ. ಮಗು ಬಂದ ದಿನ ಸಂಜೆ ಆರಕ್ಕೆ ಅವಳು ಇಳಿಸಿದ್ದಳು, ಅವಳನ್ನು ನೋಡಿ ನಾನು ಇಳಿಸಿದ್ದೆ.

"ಹಾಗಾದ್ರೆ ಒಂದು ದಿನಪೂರ್ತಿ ಆ ಮಗೂನ ನೋಡ್ಕೊಂಡಿದ್ದು ಪೆನ್ನು" ಎಂದರು. ಹಾಳೆಯ ತಳ ತೋರಿಸಿ, "ಕೆಳಗೆ ನನ್ನ ಸಹಿಯೂ ಇದೆ. ನಾನೂ ಬರೀ ಓದಿದೆ" ಎಂದರು. ಆಮೇಲೆ ನನ್ನ ಪತ್ರವನ್ನು ತಿರುಗಿಸಿ, ಅದರ ಬೆನ್ನಿಗೆ ಸ್ಕೇಲ್ ಇಟ್ಟು ಗೆರೆ ಎಳೆದರು. ಗಂಟೆ, ನಾಡಿ, ಮುಟ್ಟಿದಾಗ ಏನು ಸಿಕ್ಕಿತು, ಕೈ ಯಾರದು. ನಾಲ್ಕು ಕಾಲಂ. ಮೃದು ಎಂಬ ಒಂದೇ ಪದ ಬರೆದು ಮುಗಿಸುವ ಹಾಗಿಲ್ಲ. ಈಗ ವಾರ್ಡಿನಲ್ಲಿ ಪ್ರತಿ ಹೊಟ್ಟೆಗೂ ಆ ಹಾಳೆ. ಹಿಂದಿನ ಪುಟವನ್ನು ಕ್ಲಿಪ್ ಹಾಕಿ ಮುಚ್ಚಿರುತ್ತಾರೆ, ಮುಟ್ಟಿ ಬರೆದಾದ ಮೇಲೆಯೇ ತೆಗೆದು ನೋಡಬೇಕು. ನನ್ನ ರಾಜೀನಾಮೆ ಎಲ್ಲಿ ಎಂದು ಕೇಳಿದ್ದಕ್ಕೆ, "ಯಾವ ರಾಜೀನಾಮೆ? ಅದು ವಾರ್ಡಿನ ಫಾರಂ" ಅಂದರು.

ಅವಳ ಅಮ್ಮನಿಗೆ ಹೇಳುವುದು ಅದಕ್ಕಿಂತ ಕಷ್ಟವಾಯಿತು. ನೀವು ಹೇಳಿದ ಹಾಗೆ ಅಳಲಿಲ್ಲ. ಅವರು ಹೊದಿಕೆಯ ಅಂಚನ್ನು ಈ ತುದಿಯಿಂದ ಆ ತುದಿಯವರೆಗೆ ಸವರಿದರು. ಕೊನೆಗೆ, "ನಾನೂ ಕಾಲರ್ ನೋಡದೇ ಸರಿ ಇದೆ ಅಂತ ಕಟ್ಟಿ ಕಳ್ಸಿದ್ದು ಉಂಟು. ಅದನ್ನ ಬಿಚ್ಚಿ ಹೊಲೀಬಹುದು" ಎಂದರು. ಆಮೇಲೆ ಮಗುವಿನ ಅಂಗಿ ಮೇಲೆತ್ತಿದರು. "ಈಗ ಕೈ ಇಡು. ನನ್ನ ಮುಂದೆ ಇಡು."

ಇಟ್ಟೆ. ಅವತ್ತಿನಿಂದ ನಾಲ್ಕು ಗಂಟೆಗೊಮ್ಮೆ, ಅವರ ಕಣ್ಣ ಮುಂದೆ. ನಾನು ಕೈ ಉಜ್ಜಿ ಉಜ್ಜಿ ಅಂಗೈ ಕೆಂಪಾಗಿತ್ತು. ಮಗು, "ಅಕ್ಕ ಬಂದ್ಲು, ಇಸ್ತ್ರಿ ಪೆಟ್ಟಿಗೆ ತಂದ್ಲು" ಎನ್ನತೊಡಗಿದಳು.

ಹನ್ನೊಂದನೇ ತಾರೀಖಿನ ಸ್ಕ್ಯಾನಿನಲ್ಲಿ ಹೊಲಿಗೆ ಗಟ್ಟಿಯಾಗಿತ್ತು. ಕೆಳಹೊಟ್ಟೆಯಲ್ಲಿ ಒಂದು ಲೋಟದಷ್ಟು ಕೀವು ನಿಂತಿತ್ತು. ಎಷ್ಟು ಹೊತ್ತು ಸೋರಿತ್ತು ಎಂದು ಗೊತ್ತಾದ ಮೇಲೆ ದೊಡ್ಡ ಡಾಕ್ಟರು ಅಲ್ಲೇ ಹುಡುಕಿಸಿದ್ದು. ಹೊಟ್ಟೆ ತೆರೆಯದೇ ಸಣ್ಣ ನಳಿಗೆ ಹಾಕಿ ತೆಗೆದರು. ಮಾರನೆಯ ದಿನಕ್ಕೆ ಜ್ವರ ಇಳಿಯಿತು. ನನ್ನ ಕಾಲಂನಲ್ಲಿ ಬರೆದೆ: "ಬಲಗಡೆ ಇನ್ನೂ ಬಿಗಿ, ಎಡಗಡೆ ಸಡಿಲ, ಒತ್ತಿದರೆ ನನ್ನ ಮುಖ ನೋಡಿ ನಗುತ್ತಾಳೆ." ದೊಡ್ಡ ಡಾಕ್ಟರು ಓದಿ ಪಕ್ಕದಲ್ಲಿ ಟಿಕ್ ಹಾಕಿದರು.

ಈಗ ಸದ್ದು. ಹದಿಮೂರನೇ ತಾರೀಖು, ಬೆಳಿಗ್ಗೆ ಹತ್ತು ಗಂಟೆ. ರೌಂಡ್ಸ್ ನಡೆಯುತ್ತಿತ್ತು, ಹನ್ನೆರಡು ಜನ ಮಂಚದ ಸುತ್ತ. ನನ್ನ ಕೈ ಅವಳ ಹೊಟ್ಟೆಯ ಮೇಲೇ ಇತ್ತು. ಹಾಗಾಗಿ ಅದು ನನಗೆ ಕಿವಿಗಿಂತ ಮೊದಲು ಕೈಗೆ ಸಿಕ್ಕಿತು, ದೊಡ್ಡಮ್ಮಾ. ಅಂಗೈ ಕೆಳಗೆ ಏನೋ ಮಗ್ಗುಲು ಬದಲಿಸಿದಂತೆ ಹೊರಳಿತು, ಗುಳುಗುಳು ಎಂದು ಬಲಕ್ಕೆ ಜಾರಿತು. ಆಮೇಲೆ ಹೊಸ ಬಟ್ಟೆಯನ್ನು ಕೈಯಲ್ಲಿ ಹರಿದಂತೆ ಸಣ್ಣಗೆ, ಉದ್ದಕ್ಕೆ, ಪರ್ರ್ ಎಂದು. ನಿಂತಿತು. ಮತ್ತೆ ಬಂತು, ಈ ಸಲ ನಾಚಿಕೆ ಬಿಟ್ಟು, ಹಳೆಯ ಬೈಕಿಗೆ ಕಿಕ್ ಹೊಡೆದ ಹಾಗೆ, ಕೊನೆಗೊಂದು ಪುಟ್ಟ ಟುಸ್ ಸಮೇತ.

ಮಗು ಕಣ್ಣರಳಿಸಿ, "ನಾನಲ್ಲ" ಎಂದಳು.

"ನೀನೇ ಕಣೇ" ಎಂದರು ಅವಳ ಅಮ್ಮ. "ನೀನೇ, ನನ್ನ ಬಂಗಾರ." ಹತ್ತು ದಿನದಲ್ಲಿ ಅವರು ಅತ್ತದ್ದು ಆಗಲೇ. ಸೀನಿಯರ್ ಅಕ್ಕ ಚಪ್ಪಾಳೆ ಶುರು ಮಾಡಿದಳು, ಪಕ್ಕದ ಮಂಚದ ಮಕ್ಕಳು ಯಾಕೆಂದು ಗೊತ್ತಿಲ್ಲದೇ ಸೇರಿಕೊಂಡರು, ಇಡೀ ವಾರ್ಡು ತಟ್ಟಿತು. ದೊಡ್ಡ ಡಾಕ್ಟರು ಗಂಭೀರವಾಗಿ ಗಡಿಯಾರ ನೋಡಿ ಚಾರ್ಟಿನಲ್ಲಿ ಗಂಟೆ ನಿಮಿಷ ಬರೆದರು. ಮೂರನೆಯದು ಬಂದಾಗ ಮಗು, "ಇದು ಮಾತ್ರ ನಾನು" ಎಂದು ಒಪ್ಪಿಕೊಂಡಳು.

ಇನ್ನೊಂದು ವಿಷಯ. ನಿಮ್ಮ ಮೊದಲ ಕಾಗದವನ್ನು ತಪ್ಪೊಪ್ಪಿಕೊಂಡ ದಿನವೇ ದೊಡ್ಡ ಡಾಕ್ಟರಿಗೆ ತೋರಿಸಿದೆ, ಹೊಗಳಿಕೆ ಸಲ್ಲಬೇಕಾದವರಿಗೆ ಸಲ್ಲಲಿ ಎಂದು. ಅವರು ಎರಡು ಸಲ ಓದಿ, ಇವರು ಎಲ್ಲಿ ಕೆಲಸ ಮಾಡುತ್ತಾರೆ ಎಂದು ಕೇಳಿದರು. ಹೊದಿಕೆ ಕೋಣೆ ಎಂದೆ. ಯಾಕೆ ಎಂದೂ ಹೇಳಿದೆ. ನಿಮ್ಮನ್ನು ಕೇಳದೇ ಹೇಳಿದ್ದು, ಬೈಯಿರಿ. ಅವರು, "ಹೊಟ್ಟೆ ಮುಟ್ಟೋಕೆ ಕಿವಿ ಯಾಕೆ ಬೇಕು?" ಎಂದರು. ವಾರಕ್ಕೊಂದು ದಿನ ಬಂದು ಮೊದಲ ವರ್ಷದವರಿಗೆ ಕೈ ಇಡುವುದನ್ನು ಕಲಿಸುತ್ತಾರಾ ಎಂದು ಕೇಳಲು ನಿಮ್ಮ ಮೇಲಿನವರಿಗೆ ಪತ್ರ ಬರೆದಿದ್ದಾರೆ. ಅದು ಇದೇ ವ್ಯಾನಿನಲ್ಲಿ, ನನ್ನ ಕಾಗದದ ಪಕ್ಕದಲ್ಲೇ ಬರುತ್ತಿದೆ.

ನಿಮ್ಮ ಇಲಿಮರಿ

*

ಮಾರ್ಚ್ 18, ಸಂಜೆಯ ವ್ಯಾನಿಗೆ

ಇಲಿಮರಿ,

ಸದ್ದಿನ ಭಾಗವನ್ನು ಮೊದಲು ನಾನೊಬ್ಬಳೇ ಓದಿದೆ. ಕಣ್ಣು ಮುಚ್ಚಿದೆ. ಕೇಳಿಸಿತು. ಕೊನೆಯ ಟುಸ್ ಕೂಡ.

ಆಮೇಲೆ ಹೊದಿಕೆ ಕೋಣೆಯವರಿಗೆ ಜೋರಾಗಿ ಓದಿ ಹೇಳಿದೆ. ತೀರಾ ಜೋರಾಗಿ ಓದಿರಬೇಕು. ಏನು ಅನಾಹುತವಾಯಿತು ಎಂದು ಮೇಲಿನ ಮಹಡಿಯಿಂದ ಜನ ಇಳಿದು ಬಂದರು. ಅವರಿಗೂ ಓದಿದೆ.

ಕೇಳದೇ ನನ್ನ ಕಿವಿಯ ವಿಷಯ ಊರಿಗೆಲ್ಲ ಹೇಳಿದ್ದಕ್ಕೆ ನಿನಗೆ ಎರಡು ಬಿಡಬೇಕು, ಬಂದಾಗ ಬಿಡುತ್ತೇನೆ. ನಿಮ್ಮ ದೊಡ್ಡ ಡಾಕ್ಟರ ಪತ್ರಕ್ಕೆ ನಮ್ಮ ಮೇಲಿನವರು ಅರ್ಧ ಗಂಟೆಯಲ್ಲಿ ಸಹಿ ಹಾಕಿದರು. ಇಷ್ಟು ಬೇಗ ಒಪ್ಪಿದ್ದು ನನ್ನ ಮೇಲಿನ ಗೌರವಕ್ಕೋ ನಾನು ಹೊದಿಕೆ ಎಣಿಸುವ ರೀತಿಗೋ ಗೊತ್ತಿಲ್ಲ.

ಶನಿವಾರ ಬೆಳಗಿನ ವ್ಯಾನಿಗೆ ಬರುತ್ತೇನೆ. ಮುಂದಿನ ಸೀಟು ನನ್ನದು ಎಂದು ಡ್ರೈವರಿಗೆ ಹೇಳಿಯಾಗಿದೆ, ಮೀಸೆ ಕತ್ತರಿಸಿಕೊಂಡು ಬಾ ಎಂದೂ ಹೇಳಿದ್ದೇನೆ. ಮೊದಲ ವರ್ಷದವರೆಲ್ಲ ಹನ್ನೊಂದು ಗಂಟೆಗೆ ಸಾಲಾಗಿ ನಿಂತಿರಲಿ. ಪೆನ್ನು ಹೊರಗಿಟ್ಟು ಬರಲಿ. ಕೈ ಬೆಚ್ಚಗಿರಲಿ.

ದೊಡ್ಡಮ್ಮ